ಎಮ್ಮೆ ಕಾಣುವ ಕಿಟಕಿ

ಸಾಲೋಟಗಿಯ ಶಮಶುದ್ದೀನ ಪೇಂಟರನ ಹೆಂಡತಿ ರೋಷನಬಿ ತನ್ನ ಮನೆಯಲ್ಲಿ ಯಾವ ವಸ್ತುವನ್ನೂ ಮುಟ್ಟಿ ನೋಡದೆ ನಂಬುವುದಿಲ್ಲ. ತಂಬಿಗೆ ಎತ್ತುವ ಮೊದಲು ಬೆರಳಿನಿಂದ ಬಡಿದು ನೋಡುತ್ತಾಳೆ. ಗೂಟಕ್ಕೆ ಸೀರೆ ಹಾಕುವ ಮೊದಲು ಗೂಟವನ್ನು ಹಿಡಿದು ಎಳೆಯುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಉಪ್ಪಿನ ಭರಣಿ ಇಡಲು ಹೋಗಿ ಮೂರು ಭರಣಿ ಒಡೆದುಕೊಂಡಿದ್ದಳು. ಆ ಮಾಡವನ್ನು ಗಂಡ ಬಣ್ಣದಲ್ಲಿ ಬರೆದಿದ್ದ. ಮೊದಲನೆಯ ಭರಣಿ ಗೊತ್ತಿಲ್ಲದೆ ಬಿತ್ತು, ಎರಡನೆಯದು ಮರೆತು ಬಿತ್ತು, ಮೂರನೆಯದನ್ನು ಸಿಟ್ಟಿನಿಂದ ಅವಳೇ ಎಸೆದಳು.

"ಇವರ ಜೋಡಿ ಬಾಳೇವು ಮಾಡಬೇಕಂದ್ರ ಕಣ್ಣ ಮುಚ್ಚಿಕೊಂಡು ಕೈಯಾಡಿಸಬೇಕ್ರಿ," ಎನ್ನುತ್ತಾಳೆ ರೋಷನಬಿ. "ಕೈಗೆ ಹತ್ತಿದ್ದಷ್ಟಽ ನಮ್ಮ ಮನಿ. ಉಳದದ್ದೆಲ್ಲಾ ಇವರ ಮನಿ."

ಶಮಶುದ್ದೀನನ ತಂದೆ ಊರೂರಿಗೆ ಹೋಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಗ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು, ಊರಿನ ಹಳೆಯ ಶಾಸನದ ಕಲ್ಲಿನ ಮುಂದೆ ಕೂತು ಇದ್ದಿಲಿನಲ್ಲಿ ಅಕ್ಷರ ತಿದ್ದುತ್ತಿದ್ದ. ಅದರ ಅರ್ಥ ಅವನಿಗೆ ತಿಳಿಯುತ್ತಿರಲಿಲ್ಲ, ಆದರೆ ಅಕ್ಷರಗಳ ಹೊಟ್ಟೆ, ಬಾಲ, ಕೊಂಬು ಎಲ್ಲ ಬೆರಳಿಗೆ ಬಂದಿದ್ದವು. ಹದಿನಾರನೆಯ ವಯಸ್ಸಿಗೆ ಇಂಡಿಯಲ್ಲಿ ಒಂದು ಸೈಕಲ್ ಅಂಗಡಿಯ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಅವನು ಆ ಅಕ್ಷರಗಳಲ್ಲೇ ಬರೆದ.

"ಏನ ಬರದಿಯೋ ಇದು?" ಎಂದ ಅಂಗಡಿಯವನು.

"ನಿಮ್ಮ ಅಂಗಡಿ ಹೆಸರ್ರಿ."

"ಓದಾಕ ಬರೂದಿಲ್ಲಲ್ಲೋ."

"ಚಂದ ಐತಿಲ್ರಿ?"

ಅಂಗಡಿಯವನು ಹಿಂದೆ ಸರಿದು, ಮುಂದೆ ಬಂದು, ತಲೆ ಓರೆ ಮಾಡಿ ನೋಡಿದ. "ಚಂದ ಐತಿ," ಎಂದು ತೂಗುಹಾಕಿದ. ಒಂಬತ್ತು ವರ್ಷ ಆ ಬೋರ್ಡು ಅಲ್ಲಿತ್ತು. ಪಂಕ್ಚರ್ ಆದವರಿಗೆ ಜನ ದಾರಿ ಹೇಳುವಾಗ, "ಓದಾಕ ಬರಲಾರದ ಬೋರ್ಡ ಎಲ್ಲೈತಿ ನೋಡ್ರಿ, ಅದಽ," ಎನ್ನುತ್ತಿದ್ದರು. ಅಷ್ಟು ಚೆನ್ನಾಗಿ ಗುರುತು ಸಿಗುವ ಬೋರ್ಡು ಇಂಡಿಯಲ್ಲಿ ಇನ್ನೊಂದಿರಲಿಲ್ಲ.

ಮುಂದೆ ಅವನು ನಂಬರ್ ಪ್ಲೇಟು, ಟ್ರಾಕ್ಟರ್ ಟ್ರೇಲರು, ಮದುವೆಮನೆಯ ಗೋಡೆ, ಸಾಲಿಯ ಗೋಡೆಗೆ ನಕಾಶೆ, ಹೀಗೆ ಕೈಗೆ ಬಂದದ್ದನ್ನೆಲ್ಲ ಬರೆದ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು. ಆಗಲೇ ಝಳಕಿಯ ಹೆದ್ದಾರಿ ಪಕ್ಕದ ಒಂದು ಢಾಬಾದವನು ಕೈತೊಳೆಯುವ ಗೋಡೆಯನ್ನು "ಸ್ವಲ್ಪ ಚಂದ ಮಾಡು" ಎಂದು ಕರೆಸಿದ್ದು. ಶಮಶುದ್ದೀನ ಅಲ್ಲಿದ್ದ ಎರಡು ನಲ್ಲಿಗಳ ಪಕ್ಕದಲ್ಲಿ ಮೂರನೆಯದೊಂದನ್ನು ಬರೆದ. ಲಾರಿ ಡ್ರೈವರರು ಕೈಗೆ ಸಾಬೂನು ಹಚ್ಚಿಕೊಂಡು ಆ ನಲ್ಲಿಯ ಕೆಳಗೆ ಕೈ ಹಿಡಿದು, ಮೋಟರ್ ಚಾಲೂ ಮಾಡ್ರಿ ಎಂದು ಕೂಗತೊಡಗಿದರು. ಢಾಬಾದವನಿಗೆ ಸಾಕಾಗಿ, ಆ ನಲ್ಲಿಯಿಂದ ನೀರು ಬೀಳುವಂತೆ ಬರೆದುಬಿಡು ಎಂದ. ಬರೆದ. ಈಗ ಡ್ರೈವರರು ಊಟ ಬಿಟ್ಟೆದ್ದು, "ನೀರ ಸುಮ್ಕ ಹರದು ಹೊಂಟೈತಿ, ಬಂದ್ ಮಾಡ್ರಿ," ಎಂದು ಬೈಯುತ್ತಾರೆ.

ಅಲ್ಲಿಂದ ಹೆಸರು ಹಬ್ಬಿತು. ಬಸವನ ಬಾಗೇವಾಡಿಯ ಒಬ್ಬ ದರ್ಜಿ ಅಂಗಡಿಯ ಗೋಡೆಗೆ ಆರು ಮೊಳೆ ಬರೆಸಿಕೊಂಡ. ಗಿರಾಕಿಗಳ ಅಂಗಿ ದಿನವೂ ನೆಲಕ್ಕೆ ಬೀಳುತ್ತಿದ್ದವು, ಅವನು ಎತ್ತಿ ಮತ್ತೆ ಅಲ್ಲಿಗೇ ಹಾಕುತ್ತಿದ್ದ. ಮುದ್ದೇಬಿಹಾಳದ ಒಬ್ಬ ವ್ಯಾಪಾರಿ ಗೋದಾಮಿನ ಬಾಗಿಲಿಗೆ ಹಿತ್ತಾಳೆಯ ದೊಡ್ಡ ಬೀಗ ಬರೆಸಿ, ಕಳ್ಳರ ಚಿಂತೆ ಬಿಟ್ಟು ಎಂಟು ದಿನ ಮಗಳ ಊರಿಗೆ ಹೋಗಿ ಬಂದ. ಬಂದವನೇ ಪೇಂಟರಿಗೆ ಫೋನು ಮಾಡಿದ. "ಸಾಬ್ರ, ಕೀಲಿಕೈ ನಿಮ್ಮ ಹತ್ತಿರಽ ಉಳದೈತೇನ್ರಿ?"

ಮೋಸಹೋದವರನ್ನು ಕಂಡು ಶಮಶುದ್ದೀನ ನಗುವುದಿಲ್ಲ. "ನಾ ಮಂದೀನ ಮರಳ ಮಾಡಾಕ ಬರಿಯೂದಿಲ್ರಿ," ಎನ್ನುತ್ತಾನೆ. "ಗ್ವಾಡಿ ಹಗಲು ರಾತ್ರಿ ಗ್ವಾಡಿ ಆಗೇ ನಿಂತಿರತೈತಿ. ಅದಕ್ಕೂ ಬ್ಯಾಸರ ಆಗತೈತಿ. ಚೂರು ಬ್ಯಾರೆ ಏನರ ಆಗಲಿ ಅಂತ." ಅವನಿಗೆ ಒಂದೇ ನೇಮ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಕಾಣದೆ ಇದ್ದದ್ದನ್ನು ಬರೆಯಬಾರದು. ಮೊಳೆ ಬರೆಯುವ ಮೊದಲು ಮೊಳೆಯನ್ನು ಅರ್ಧ ದಿನ ನೋಡುತ್ತಾನೆ. ಅದರ ನೆರಳು ಬೆಳಿಗ್ಗೆ ಎತ್ತ, ಸಂಜೆ ಎತ್ತ ಎಂದು ನೋಡುತ್ತಾನೆ. ದೇವರು ಮಾಡಿದ್ದನ್ನು ತಿದ್ದಲು ನಾನ್ಯಾರು ಎಂಬುದು ಅವನ ಮಾತು.

ಈ ನೇಮಕ್ಕೆ ಪರೀಕ್ಷೆ ಬಂದದ್ದು ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಿ. ಎರಡು ವರ್ಷದ ಹಿಂದೆ ಅಲ್ಲಿಂದ ಸುನೀತಾ ಎಂಬ ಹೆಣ್ಣುಮಗಳು ಫೋನು ಮಾಡಿದಳು. ಆಕೆಯ ಗಂಡ ಸಂಗು ಕಬ್ಬಿನ ಟ್ರಾಕ್ಟರ್ ಹೊಡೆಯುವವನು. ಅವನ ಟ್ರೇಲರಿನ ಹಿಂಬದಿಗೆ ಶಮಶುದ್ದೀನ ನಾಲ್ಕು ಕುರಿ ಬರೆದುಕೊಟ್ಟಿದ್ದ. ಹಿಂದೆ ಬರುವ ಗಾಡಿಯವರು ಕುರಿ ಜಿಗಿದಾವೆಂದು ಹೆದರಿ ದೂರವೇ ಉಳಿಯುತ್ತಿದ್ದರು.

"ಪೇಂಟರ್ ಮಾಮಾ, ನಮ್ಮ ಅತ್ತಿಗೊಂದು ಕಿಡಕಿ ಬೇಕಾಗೇತ್ರಿ," ಎಂದಳು ಸುನೀತಾ.

"ಕಿಡಕಿಗೆ ಬಡಿಗೇರನ್ನ ಕರಿಬೇಕವಾ. ನಾ ಬಣ್ಣಾ ಹಚ್ಚಾಂವ."

"ಬಡಿಗೇರ ಕಿಡಕಿ ಇಟ್ರ ಜಗಳ ಆಗತೈತ್ರಿ. ನೀವು ಬರದ್ರ ಯಾರ ಏನಂತಾರ?"

ಸುನೀತಾಳ ಅತ್ತೆ ಶೇವಂತೆವ್ವನಿಗೆ ಅರವತ್ತೆರಡು. ಅದಕ್ಕೂ ಎಂಟು ತಿಂಗಳ ಮೊದಲು ಮಾಳಿಗೆಯಿಂದ ಇಳಿಯುವಾಗ ನಿಚ್ಚಣಿಕೆಯಿಂದ ಜಾರಿ ಸೊಂಟದ ಎಲುಬು ಮುರಿದಿತ್ತು. ವಿಜಯಪುರದಲ್ಲಿ ಆಪರೇಷನ್ ಆಗಿ ಎಲುಬು ಕೂಡಿತ್ತು. ದಿನಾ ಸ್ವಲ್ಪ ಹೊತ್ತು ನಿಲ್ಲಿಸಿ, ನಿಲ್ಲದಿದ್ದರೆ ಮುಂದೆ ಎಂದೂ ನಿಲ್ಲಲಾರಳು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಶೇವಂತೆವ್ವ ನಿಲ್ಲಲಿಲ್ಲ. "ಎದ್ದು ನಿಂತು ಏನ ನೋಡ್ಲಿ, ಗ್ವಾಡೀನಾ?" ಎನ್ನುತ್ತಿದ್ದಳು. ಬರಬರುತ್ತ ಅದನ್ನೂ ಅನ್ನುವುದು ಬಿಟ್ಟು, ಕೇಳಿದ್ದಕ್ಕೆಲ್ಲ ಹೂಂ ಎನ್ನತೊಡಗಿದಳು. ಎರಡು ರೊಟ್ಟಿ ಅರ್ಧ ರೊಟ್ಟಿಯಾಯಿತು.

"ಎಲುಬು ಕೂಡೇತ್ರಿ," ಎಂದಳು ಸುನೀತಾ, "ಮನಸ ಕೂಡವಲ್ಲದು."

ಮನೆಯ ಮುಂದಿನ ಪಡಸಾಲೆಯಲ್ಲಿ ಸುನೀತಾಳ ಹಿಟ್ಟಿನ ಗಿರಣಿ. ಅಲ್ಲಿ ಮಲಗಿಸಿದರೆ ಹಿಟ್ಟಿನ ಧೂಳಿಗೆ ಕೆಮ್ಮು. ಒಳಕೋಣೆಗೆ ಮೇಲೊಂದು ಬೆಳಕಿಂಡಿ ಬಿಟ್ಟರೆ ಮೂರು ಕಡೆ ಒಳಗೋಡೆ, ನಾಲ್ಕನೆಯದು ನಡುಗೋಡೆ. ಅದರಾಚೆ ಶೇವಂತೆವ್ವನ ಮೈದುನ ಮಾಳಿಂಗಪ್ಪನ ಹಿತ್ತಲು. ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮಂದಿರ ಪಾಲಾದಾಗ ಕಾಗದದಲ್ಲಿ ಬರೆಸಿದ್ದರು, ಈ ನಡುಗೋಡೆಗೆ ಬಾಗಿಲಾಗಲಿ ಕಿಟಕಿಯಾಗಲಿ ಕಿಂಡಿಯಾಗಲಿ ಕೂಡದು ಎಂದು. ಅಂದಿನಿಂದ ಮಾಳಿಂಗಪ್ಪ ಅಣ್ಣನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಣ್ಣ ತೀರಿಕೊಂಡ ದಿನವೂ ಅಂಗಳದಲ್ಲೇ ನಿಂತು ಹೋಗಿದ್ದ.

ಶಮಶುದ್ದೀನ ಬಂದು ಶೇವಂತೆವ್ವನ ಹೊರಸಿನ ಪಕ್ಕ ಕೂತ. "ಯವ್ವಾ, ಕಿಡಕ್ಯಾಗ ಏನ ಕಾಣಬೇಕು? ಸಮುದ್ರ ಬರೀಲಾ? ಅರಮನಿ?"

ಶೇವಂತೆವ್ವ ಗೋಡೆಯ ಕಡೆ ಕೈ ಮಾಡಿ, "ಅರಮನಿ ತಗೊಂಡು ನಾ ಏನ ಮಾಡ್ಲೋ," ಎಂದಳು. "ಗ್ವಾಡಿ ಆ ಕಡೆ ಏನೈತಿ, ಅದನ್ನ ಬರಿ."

ಅದು ಹದಿನೈದು ದಿನಗಳಲ್ಲಿ ಆಕೆ ಆಡಿದ ದೊಡ್ಡ ಮಾತು ಎಂದಳು ಸುನೀತಾ.

ನಾಲ್ಕು ದಿನ ಕೆಲಸ ನಡೆಯಿತು. ಶಮಶುದ್ದೀನ ಮಾಳಿಗೆ ಹತ್ತಿ ಮಾಳಿಂಗಪ್ಪನ ಹಿತ್ತಲನ್ನು ನೋಡುವುದು, ಇಳಿದು ಬಂದು ಬರೆಯುವುದು, ಮತ್ತೆ ಹತ್ತುವುದು. ಎರಡನೆಯ ದಿನ ಕೆಳಗೆ ಬಟ್ಟೆ ಒಗೆಯುತ್ತಿದ್ದ ಮಾಳಿಂಗಪ್ಪನ ಹೆಂಡತಿ ಹೊನ್ನವ್ವ ತಲೆ ಎತ್ತಿದಳು.

"ಮ್ಯಾಲ ಯಾರ್ರಿ ಅವರು?"

"ನಾನವಾ, ಪೇಂಟರ. ಬಿಸಲ ಎತ್ತಾಗಿಂದ ಬೀಳತೈತಿ ಅಂತ ನೋಡಾಕತ್ತೇನಿ."

"ದಿನಾ ಬೀಳೂ ಕಡೆಯಿಂದಽ ಬೀಳತೈತಿ. ಇಳೀರಿ ಕೆಳಗ!"

ಐದನೆಯ ದಿನ ನಡುಗೋಡೆಯಲ್ಲಿ ಕಿಟಕಿ ಇತ್ತು. ಬೇವಿನ ಚೌಕಟ್ಟು, ಅದರಲ್ಲೊಂದು ಸೀಳು, ತೆರೆದ ಎರಡು ಕದ, ಮೂರು ಸರಳು, ಸರಳಿನ ಬುಡದಲ್ಲಿ ತುಕ್ಕಿನ ಕಲೆ. ಆಚೆ ಹಿತ್ತಲು. ಹಗ್ಗದ ಮೇಲೆ ಹೊನ್ನವ್ವನ ಹಸಿರು ಸೀರೆ, ನೀರಿನ ಕಲ್ಲುಬಾನಿ, ಗೂಟಕ್ಕೆ ಕಟ್ಟಿದ ಎಮ್ಮೆ. ಎಮ್ಮೆ ಅಡ್ಡಡ್ಡ ನಿಂತು, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿತ್ತು. ಸುನೀತಾ ಸೆರಗು ಸರಿಮಾಡಿಕೊಂಡಳು. ಆಚೆಯಿಂದ ಯಾರಾದರೂ ನೋಡಿಯಾರು ಎಂಬ ಹೆದರಿಕೆ.

ಶೇವಂತೆವ್ವ ಹೊರಸನ್ನು ತಿರುಗಿಸಲು ಹೇಳಿದಳು. ಅಂದು ಎರಡು ರೊಟ್ಟಿ ಉಂಡಳು. ಮರುದಿನ ಬೈಯಲು ಶುರುಮಾಡಿದಳು.

"ಸುನೀ, ಆ ಎಮ್ಮಿ ನೋಡ. ಮುಂಜಾನಿಂದ ಅಲ್ಲೇ ನಿಂತೈತಿ, ಯಾರೂ ನೀರ ಕುಡಸಿಲ್ಲ. ಹೊನ್ನಿ ಸೀರಿ ಒಣಗಿ ಎರಡ ದಿನ ಆತು, ತಗೊಂಡಿಲ್ಲ. ಎಂಥಾ ಒಗತನಾನೋ ಇಕಿದು!"

ಓಣಿಯ ಹೆಂಗಸರು ಬಂದು ಹೊರಸಿನ ಸುತ್ತ ಕೂತರು. ಹೊನ್ನವ್ವನ ಸೀರೆಯ ಮಾತು ಬಂದಾಗ, ಆಚೆ ಕೇಳಬಾರದೆಂದು ದನಿ ತಗ್ಗಿಸಿದರು. ಗುಳಿಗೆ ಕೊಡಲು ಬಂದ ನರ್ಸು, ಸಂಜೆಯಾದ ಮೇಲೆ ಕಿಟಕಿ ಹಾಕಿಕೊಳ್ಳಿ, ಸೊಳ್ಳೆ ಬರುತ್ತವೆ ಎಂದು ಹೇಳಿಹೋದಳು. ಶಮಶುದ್ದೀನ ಅಳುಕಿನಿಂದಲೇ ಕೇಳಿದ, "ಯವ್ವಾ, ಇದು ಬರದದ್ದು ಅಂತ ನಿನಗ ಗೊತ್ತೈತಿಲ್ಲ?"

"ನನ್ನ ಸೊಂಟ ಹೋಗೇತಿ, ಕಣ್ಣ ಹೋಗಿಲ್ಲೋ. ಬರದ ಎಮ್ಮಿ ಅಂದ್ರ ಅದಕ್ಕ ನೀರಡಿಕಿ ಆಗಬಾರದೇನ?"

ಅದೇ ವಾರ ಮಾಳಿಂಗಪ್ಪನ ಎಮ್ಮೆ ಹಾಲು ಕಡಿಮೆ ಮಾಡಿತು.

ಮಾಳಿಂಗಪ್ಪ ಕುರಿಯವನು. ನೂರು ಕುರಿಯಲ್ಲಿ ಒಂದು ಕುಂಟಿದರೂ ಕಣ್ಣು ಮುಚ್ಚಿಕೊಂಡು ಯಾವುದೆಂದು ಹೇಳುತ್ತಿದ್ದ. ಆದರೆ ಎಮ್ಮೆ ಅವನಿಗೆ ಹೊಸದು. ನಾಲ್ಕು ತಿಂಗಳ ಹಿಂದೆ ಸಂತೆಯಲ್ಲಿ, ಈದು ಬಹಳ ದಿನ ಆಗಿಲ್ಲ ಎಂಬ ಮಾತು ನಂಬಿ ತಂದಿದ್ದ. ನಾಲ್ಕು ಲೀಟರು ಕೊಡುತ್ತಿದ್ದದ್ದು ಈಗ ಎರಡೂವರೆ ಕೊಡುತ್ತಿತ್ತು. ಹೊನ್ನವ್ವ ಕಟ್ಟೆಯ ಮೇಲಿನ ಸುದ್ದಿ ತಂದಳು. "ಅಕ್ಕ ದಿನಾ ಪೂರಾ ನಮ್ಮ ಎಮ್ಮೀನಽ ನೋಡಾಕತ್ತಾಳಂತ."

ಎಮ್ಮೆಯ ಕೆಚ್ಚಲಿಗೆ ಕಣ್ಣು ಬಿದ್ದರೆ ಹಾಲು ಇಳಿಯುತ್ತದೆಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಹೊನ್ನವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು, ಹಾಲು ಏರಲಿಲ್ಲ. ಮಾಳಿಂಗಪ್ಪ ಊರ ಹಿರಿಯ ಸಿದ್ದರಾಯನ ಬಳಿಗೆ ಹೋಗಿ ಪಂಚಾಯ್ತಿ ಕೂಡಿಸಿದ.

ಸಿದ್ದರಾಯ ಮೂಗಿಗೆ ಚಾಳೀಸು ಏರಿಸಿ ಪಾಲಿನ ಕಾಗದ ಓದಿದ. "ಕಿಡಕಿ ಕೂಡದು ಅಂತ ಸಾಫ್ ಬರದಾರಲ್ಲ, ಸುನೀತಾ."

"ಇದು ಕಿಡಕಿ ಅಲ್ರಿ ಕಾಕಾ. ಬಣ್ಣ."

"ಬಣ್ಣ ಆದ್ರ ನನ್ನ ಎಮ್ಮಿ ಯಾಕ ಕಾಣತೈತಿ?" ಎಂದ ಮಾಳಿಂಗಪ್ಪ.

ಪಂಚರು ಸ್ಥಳ ನೋಡಲು ಎದ್ದರು. ಮಾಳಿಂಗಪ್ಪ ಹೊಸ್ತಿಲ ಹೊರಗೇ ಉಳಿದ. ಸಿದ್ದರಾಯ ಒಳಗೆ ಬಂದು ಕಿಟಕಿಯ ಮುಂದೆ ಬಾಗಿದ. ಇನ್ನೊಬ್ಬ ಹಿರಿಯ ತಲೆಯ ಪಟಗಾ ತೆಗೆದಿಟ್ಟು, ಸರಳಿಗೆ ಕೆನ್ನೆ ಹಚ್ಚಿ, ಎಡಕ್ಕೆ ಎಷ್ಟು ದೂರ ಕಾಣುತ್ತದೆ ಎಂದು ನೋಡಿದ. ಎದ್ದಾಗ ಅವನ ಕೆನ್ನೆಯ ಮೇಲೆ ತುಕ್ಕಿನ ಬಣ್ಣ ಹತ್ತಿತ್ತು.

"ಬಾಲದ ತುದಿ ಬೆಳ್ಳಗೈತಿ," ಎಂದು ಸಿದ್ದರಾಯ ಹೊರಗೆ ಕೂಗಿ ಹೇಳಿದ. "ಮಾಳಪ್ಪ, ನಿಂದಽ ಎಮ್ಮಿ."

"ಹೇಳಲಿಲ್ಲ ನಾ?"

ಆಮೇಲೆ ಎಲ್ಲರೂ ಸುತ್ತಿಕೊಂಡು ಮಾಳಿಂಗಪ್ಪನ ಹಿತ್ತಲಿಗೆ ಹೋದರು. ಈ ಕಡೆಯ ಗೋಡೆ ಬರೀ ಮಣ್ಣಿನ ಗೋಡೆ. ಅದರ ತುಂಬ ಹೊನ್ನವ್ವ ಬಡಿದ ಸಗಣಿಯ ಕುಳ್ಳು.

"ಈ ಕಡೆ ಏನೂ ಇಲ್ಲಲ್ಲೋ," ಎಂದ ಸಿದ್ದರಾಯ.

"ಅದಽ ಮೋಸ ನೋಡ್ರಿ ಕಾಕಾ! ವೈನಿಗೆ ನಾವು ಕಾಣ್ತೇವಿ, ನಮಗ ವೈನಿ ಕಾಣೂದಿಲ್ಲ. ಎಲ್ಲೆರ ಇಂಥಾ ಕಿಡಕಿ ಕಂಡೀರೇನು?" ಎಂದು ಮಾಳಿಂಗಪ್ಪ ಅತ್ತಿಗೆಯನ್ನು ದೂರಿದ.

ಪಂಚರು ಇಂಥ ಕಿಟಕಿ ಕಂಡಿರಲಿಲ್ಲ. ಒಂದು ತಾಸು ಯೋಚಿಸಿ, ಎರಡು ಕಡೆಗೂ ನೋವಾಗದ ತೀರ್ಪು ಕೊಟ್ಟರು. ಕಿಟಕಿ ಇರಲಿ, ಆದರೆ ಮುಚ್ಚಿರಬೇಕು.

ಶಮಶುದ್ದೀನ ಕದ ಮುಚ್ಚಲು ಬಂದ ದಿನ ಮಾಳಿಂಗಪ್ಪ ಬಾಗಿಲಲ್ಲಿ ನಿಂತು ತಕರಾರು ತೆಗೆದ. "ಅಗಳಿ ಎಲ್ಲಿ ಹಾಕ್ತಿ?"

"ಒಳಗಽ. ಕಿಡಕಿ ಅಗಳಿ ಒಳಗಽ ಇರತೈತಿ."

"ಒಳಗಿದ್ರ ವೈನಿ ತಗೀತಾಳ. ನನ್ನ ಕಡೆ ಹಾಕು."

"ನಿನ್ನ ಕಡೆ ಹಾಕಬೇಕಂದ್ರ ಆ ಕಡೀನೂ ಕಿಡಕಿ ಬರೀಬೇಕಾಗತೈತಿ ಮಾಳಪ್ಪ."

"ಬರಿ. ಆದ್ರ ಗಟ್ಟಿ ಬರಿ."

ಕದದ ಮೇಲಿನ ಹಲಗೆ ಒಂದೊಂದಾಗಿ ಇಳಿದಂತೆ ಹಿತ್ತಲು ಕಡಿಮೆಯಾಯಿತು. "ಎಮ್ಮಿ ಕಡೀಕ ಮುಚ್ಚೋ," ಎಂದಳು ಶೇವಂತೆವ್ವ. ಅವನು ಮೊದಲು ಸೀರೆ ಮುಚ್ಚಿದ, ಆಮೇಲೆ ಕಲ್ಲುಬಾನಿ, ಆಮೇಲೆ ಎಮ್ಮೆಯ ಬೆನ್ನು, ಹೊಟ್ಟೆ, ಕಾಲು. ಬಹಳ ಹೊತ್ತು ಎರಡು ಹಲಗೆಯ ನಡುವೆ ಎಮ್ಮೆಯ ಒದ್ದೆ ಮೂಗು ಒಂದೇ ಉಳಿದಿತ್ತು. ಚಹಾ ಕುಡಿಯುವ ನೆಪ ಮಾಡಿ ಅವನು ಅದನ್ನು ಮಧ್ಯಾಹ್ನದವರೆಗೆ ಹಾಗೇ ಬಿಟ್ಟ. ಕೊನೆಗೆ ಅದನ್ನೂ ಮುಚ್ಚಿದ. ಸತ್ತವರಿಗೆ ಮಣ್ಣು ಕೊಟ್ಟಂತಾಯಿತು ಎಂದು ಅವನು ಹೇಳಿದ.

ಆಚೆ ಹಿತ್ತಲಲ್ಲಿ ಕುಳ್ಳು ಕಿತ್ತು, ಗೋಡೆ ಕೆರೆದು, ಮುಚ್ಚಿದ ಕಿಟಕಿಯ ಹೊರಮೈ ಬರೆದು, ಅಡ್ಡಕ್ಕೆ ಕಬ್ಬಿಣದ ಅಗಳಿ ಹಾಕಿದ. "ಇನ್ನ ನಾ ಕುಳ್ಳ ಎಲ್ಲಿ ಬಡೀಲಿ?" ಎಂದು ಹೊನ್ನವ್ವ ಗಂಡನನ್ನು ಬೈದಳು.

ಶೇವಂತೆವ್ವ ಹೊರಸು ತಿರುಗಿಸಲು ಹೇಳಲಿಲ್ಲ. ತಾನೇ ಮಗ್ಗುಲು ಬದಲಿಸಿ ಆಚೆ ಮುಖ ಮಾಡಿ ಮಲಗಿದಳು. ಮತ್ತೆ ಹೂಂ ಶುರುವಾಯಿತು, ಮತ್ತೆ ಅರ್ಧ ರೊಟ್ಟಿ. ಸುನೀತಾ ಒಂದು ದಿನ ಎಬ್ಬಿಸಿ ನಿಲ್ಲಿಸಲು ನೋಡಿದಳು. ಆಕೆ ಹಿಟ್ಟಿನ ಚೀಲದಂತೆ ಕುಸಿದಳು. ಇನ್ನು ಹದಿನೈದು ದಿನ ಹೀಗೇ ಆದರೆ ಕಾಲು ಪೂರ್ತಿ ಸೋಲುತ್ತದೆ ಎಂದಳು ನರ್ಸು.

ಹಾಲು ಮಾತ್ರ ಏರಲಿಲ್ಲ. ಎರಡೂವರೆ ಇದ್ದದ್ದು ಎರಡಾಯಿತು, ಆಮೇಲೆ ಒಂದೂವರೆ. ಮಾಳಿಂಗಪ್ಪ ಬೆಳಗಾದರೆ ಅಗಳಿಯನ್ನು ಪರೀಕ್ಷೆ ಮಾಡುತ್ತಿದ್ದ. ಶಮಶುದ್ದೀನನಿಗೆ ಫೋನು ಮಾಡಿದ.

"ಸಾಬ್ರ, ಅಗಳಿ ಗಟ್ಟಿ ಐತಿಲ್ರಿ?"

"ಮೂರ ಕೋಟ ಹೊಡದೇನಿ."

"ಮತ್ತ ವೈನಿ ಹೆಂಗ ನೋಡಾಕತ್ತಾಳ?"

ಒಳಗಿನ ಎರಡು ಕದ ಕೂಡುವಲ್ಲಿ ಶಮಶುದ್ದೀನ ಕೂದಲೆಳೆಯಷ್ಟು ಸಂದು ಬಿಟ್ಟಿದ್ದ. ಮರದ ಕದ ಎಂದೂ ಪೂರಾ ಕೂಡುವುದಿಲ್ಲವಲ್ಲ. ಈ ಸಂಗತಿ ಮಾಳಿಂಗಪ್ಪನ ಕಿವಿಗೆ ಬಿತ್ತು. ವೈನಿ ಸಂದಿನಿಂದ ಇಣುಕುವುದನ್ನು ಕೈಯಾರೆ ಹಿಡಿಯಬೇಕೆಂದು, ಒಂದು ಮಧ್ಯಾಹ್ನ ಕುರಿ ಕಾಯಲು ಅಳಿಯನನ್ನು ಕಳಿಸಿ, ಹನ್ನೊಂದು ವರ್ಷದ ಮೇಲೆ ಹೊಸ್ತಿಲು ದಾಟಿ ಒಳಕೋಣೆಗೆ ಬಂದು ಜೋಳದ ಚೀಲದ ಮೇಲೆ ಕೂತ.

ಮೊದಲ ದಿನ ಸುನೀತಾ ಚಹಾ ತಂದಾಗ ಬೇಡವೆಂದ. ಎರಡನೆಯ ದಿನ ಕುಡಿದ. ಮೂರನೆಯ ದಿನ, "ಸಕ್ಕರಿ ಸಾಲದು," ಎಂದ. ಶೇವಂತೆವ್ವ ಕಿಟಕಿಗೆ ಬೆನ್ನು ಮಾಡಿಯೇ ಮಲಗಿದ್ದಳು, ಒಮ್ಮೆಯೂ ಹೊರಳಲಿಲ್ಲ. ಮಾಳಿಂಗಪ್ಪ ಆ ಬೆನ್ನನ್ನು ನೋಡುತ್ತ ಮೂರು ಮಧ್ಯಾಹ್ನ ಕೂತ. ಆಕೆಯ ಬೆನ್ನೆಲುಬು ರವಿಕೆಯ ಮೇಲೆ ಎಣಿಸಬಹುದಾದಷ್ಟು ಕಾಣುತ್ತಿತ್ತು.

"ವೈನಿ," ಎಂದ ಕೊನೆಗೆ. "ನೀ ನೋಡಾಕತ್ತಿಲ್ಲ. ಮತ್ತ ಹಾಲು ಯಾಕ ಇಳದೈತಿ?"

"ಎಮ್ಮಿ ಗಬ್ಬ ಐತೋ ಮೂಳಾ," ಎಂದಳು ಶೇವಂತೆವ್ವ, ಹೊರಳದೆಯೇ.

"ಯಾರ ಹೇಳಿದ್ರು?"

"ಯಾರ ಹೇಳಬೇಕು? ಕಿಡಕಿ ಮುಚ್ಚೂ ಮದಲಽ ನೋಡೀನಿ. ಬಲಗಡೆ ಹೊಟ್ಟಿ ಇಳದಿತ್ತು. ಆರೇಳು ತಿಂಗಳದ್ದು. ಕರಾ ಬೆಳದಂಗ ಹಾಲು ಇಳೀತೈತಿ."

"ಮತ್ತ ಯಾಕ ಹೇಳಲಿಲ್ಲ ನೀ?"

"ನೀ ನನ್ನ ಕೇಳಿದೇನು? ಪಂಚರನ್ನ ಕೇಳಿದಿ."

ದನದ ಡಾಕ್ಟರು ಬಂದು ತೋಳಿನವರೆಗೆ ಕೈ ಹಾಕಿ ನೋಡಿ, ಏಳು ತಿಂಗಳು ಎಂದರು. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಎಮ್ಮೆ ಗಬ್ಬವಾದದ್ದಕ್ಕೆ ಯಾರೂ ಅಚ್ಚರಿಪಡಲಿಲ್ಲ. ಬರೆದ ಕಿಟಕಿಯಿಂದ ಅದು ಕಂಡದ್ದು ಹೇಗೆ ಎಂಬುದೇ ಮಾತು. ನಾಲ್ಕು ಜನ ಶಮಶುದ್ದೀನನನ್ನು ಕೇಳಿದರು. "ಕರಾ ಗಿರಾ ನನಗ ತಿಳಿಯೂದಿಲ್ರಿ," ಎಂದ ಅವನು. "ಹೊಟ್ಟಿ ನೆರಳು ಎಲ್ಲಿ ಬಿದ್ದಿತ್ತು, ಅಲ್ಲಿ ಬರದೇನಿ." ಸಿದ್ದರಾಯ ಚಾಳೀಸು ಒರೆಸಿಕೊಂಡು, ಆ ಕಿಟಕಿಯಿಂದ ಕಾಣುತ್ತದೆ ಎಂಬುದು ಈಗ ಸಾಬೀತಾಯಿತು, ಆದ್ದರಿಂದ ಅದು ಮುಚ್ಚಿಯೇ ಇರಬೇಕು ಎಂದ.

ಈಗ ಮಾಳಿಂಗಪ್ಪನೇ ತಿರುಗಿಬಿದ್ದ. "ಮುಚ್ಚಿದ್ರ ಎಮ್ಮಿ ನೋಡಾವರ ಯಾರ್ರಿ ಕಾಕಾ? ನಾ ಕುರಿ ಹಿಂದ, ಹೊನ್ನಿ ಹೊಲಕ್ಕ. ವೈನಿ ಒಬ್ಬಾಕೀಗಽ ತಿಳೀತೈತಿ. ನನ್ನ ತಕರಾರ ವಾಪಸ್."

ಅಂದೇ ಶಮಶುದ್ದೀನನಿಗೆ ಫೋನು ಹೋಯಿತು. "ಲಗೂ ಬಂದು ಕಿಡಕಿ ತಗೀರಿ ಸಾಬ್ರ."

"ನನ್ನ ಕೈಯಾಗ ಏನೈತೋ," ಎಂದ ಶಮಶುದ್ದೀನ. "ಅಗಳಿ ನಿನ್ನ ಕಡೆ ಐತಿ. ಮದಲ ಆ ಕಡೆ ತಗೀಬೇಕು."

ಆ ಕಡೆ ತೆಗೆಯಬೇಕೆಂದರೆ, ಮಾಳಿಂಗಪ್ಪನ ಹಿತ್ತಲಿನ ಗೋಡೆಯಲ್ಲಿ ಅಗಳಿ ಸರಿಸಿ ಕದ ತೆರೆದಂತೆ ಬರೆಯಬೇಕು. ಕದ ತೆರೆದರೆ ಒಳಗೆ ಏನಾದರೂ ಕಾಣಬೇಕು. ಒಳಗಿರುವುದು ಶೇವಂತೆವ್ವನ ಕೋಣೆ. ಅಂದರೆ ಶೇವಂತೆವ್ವನನ್ನೇ ಬರೆಯಬೇಕು. ಇದನ್ನು ಅವನು ಬಿಡಿಸಿ ಹೇಳಿದಾಗ ಹೊನ್ನವ್ವ, "ಬರೀಲಿ ಬಿಡ್ರಿ, ಅಕ್ಕನ ಮಾರಿ ನೋಡಿ ಎಷ್ಟ ದಿನ ಆತು," ಎಂದಳು.

ಶಮಶುದ್ದೀನ ಒಳಕೋಣೆಗೆ ಬಂದು ಹೊರಸಿನ ಕಾಲ ಬಳಿ ಕೂತು ನೋಡತೊಡಗಿದ. ಶೇವಂತೆವ್ವ ಅವನ ಕಡೆ ಹೊರಳಿದಳು.

"ಏನ ನೋಡಾಕತ್ತಿ?"

"ನಿನ್ನಽ ಯವ್ವಾ. ಆ ಕಡೆ ಗ್ವಾಡಿಗೆ ಬರೀಬೇಕು."

"ಹೆಂಗ ಬರೀತಿ?"

"ಇದ್ದಂಗ. ಹೊರಸಿನ ಮ್ಯಾಲ ಮಲಗೀಯಲ್ಲ, ಹಂಗಽ."

ಶೇವಂತೆವ್ವ ಯೋಚಿಸಿದಳು. ಆ ಗೋಡೆಯ ಮುಂದೆ ಹೊನ್ನವ್ವ ದಿನಾ ಹಾಲು ಹಿಂಡುತ್ತಾಳೆ, ಓಣಿಯ ಹೆಂಗಸರೆಲ್ಲ ನೀರಿಗೆ ಬರುತ್ತಾರೆ.

"ಅಯ್ಯ, ಬಿದ್ದಾಕೀನ್ನ ಮಂದಿ ಎದುರಿಗೆ ಇಡತೀಯೇನೋ? ನಿಂತಂಗ ಬರಿ. ಸರಳ ಹಿಡಕೊಂಡು ನಿಂತಂಗ."

"ಆಗೂದಿಲ್ಲ ಯವ್ವಾ. ನಾ ಕಂಡದ್ದನ್ನಷ್ಟಽ ಬರೀತೇನಿ."

"ಒಂದ ಸುಳ್ಳ ಬರದ್ರ ನಿನ್ನ ಗಂಟೇನ ಹೋಗತೈತಿ? ಇಲ್ಲದ ಕಿಡಕಿ ಬರದಾಂವ ನೀ!"

"ಕಿಡಕಿ ಬ್ಯಾರೆ. ಕಿಡಕಿ ನೋಡೀನಿ ನಾ. ನೀ ನಿಂತದ್ದು ನೋಡಿಲ್ಲ."

ಆಕೆ ಅವನನ್ನು ದಿಟ್ಟಿಸಿದಳು. ಅವನು ಕುಂಚ ತೊಳೆಯುತ್ತ ಕೂತ. ಅಂದು ತನ್ನ ನೇಮ ಬಿಡಬೇಕೆಂದು ಎರಡು ಸಲ ಬಾಯಿಗೆ ಬಂದಿತ್ತು, ಆದರೆ ನಾಲಿಗೆ ಏಳಲಿಲ್ಲ ಎಂದು ಆಮೇಲೆ ರೋಷನಬಿಗೆ ಹೇಳಿದ್ದಾನೆ.

"ಸುನೀ," ಎಂದಳು ಶೇವಂತೆವ್ವ. "ಆ ಕಂದು ಸೀರಿ ಬ್ಯಾಡ, ಇಳಕಲ್ ಸೀರಿ ತಗಿ. ಮಾಳಪ್ಪಾ, ಬಾ ಇತ್ತ. ರಟ್ಟಿ ಹಿಡಿ."

ಸೀರೆ ಉಡಿಸಿದ ಮೇಲೆ ಒಂದು ಕಡೆ ಸುನೀತಾ, ಒಂದು ಕಡೆ ಮಾಳಿಂಗಪ್ಪ ಹಿಡಿದು ಎತ್ತಿದರು. ಮೊದಲನೆಯ ಸಲ ಆಕೆ ಹೊರಸಿಗೇ ಕೂತುಬಿಟ್ಟಳು. ಎರಡನೆಯ ಸಲ ನಿಂತಳು. ತುಟಿ ಕಚ್ಚಿದ್ದಳು. ಶಮಶುದ್ದೀನ ಕಣ್ಣು ಕಿರಿದು ಮಾಡಿ ತಲೆಯಿಂದ ಹೆಜ್ಜೆಯವರೆಗೆ ನೋಡಿ, ಬಣ್ಣದ ಡಬ್ಬಿ ಹಿಡಿದು ಓಣಿ ಸುತ್ತಿ ಹಿತ್ತಲಿಗೆ ಓಡಿದ. ಅಲ್ಲಿ ಎರಡು ಗೆರೆ ಎಳೆಯುವಷ್ಟರಲ್ಲಿ ಭುಜ ಎತ್ತ ಬಾಗಿತ್ತು ಎಂಬುದು ಮರೆಯಿತು. ಮತ್ತೆ ಓಡಿ ಬಂದ.

"ಇನ್ನೊಮ್ಮೆ ನಿಲ್ಲವಾ."

"ಈಗಷ್ಟಽ ಕುಂತೀನೋ!"

"ಎಡಗಡೆ ಭುಜ ಸಿಗವಲ್ಲದು."

ಮತ್ತೆ ನಿಂತಳು. ಅಂದು ಸಂಜೆಯೊಳಗೆ ಆರು ಸಲ ಎದ್ದು ಆರು ಸಲ ಕೂತಳು, ಪ್ರತಿ ಸಲ ಹಿಂದಿನದಕ್ಕಿಂತ ಒಂದು ಉಸಿರು ಹೆಚ್ಚು. ಮೂರನೆಯ ದಿನ ಸುನೀತಾ ಗಿರಣಿಗೆ ಹೋದಳು, ಮಾಳಿಂಗಪ್ಪನೊಬ್ಬನೇ ಹಿಡಿದಿದ್ದ. ಶಮಶುದ್ದೀನ ಗಡ್ಡಕ್ಕೆಲ್ಲ ಬಣ್ಣ ಮೆತ್ತಿಕೊಂಡು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಓಡಿ ಬಂದ.

"ಮಾಳಪ್ಪ, ಚೂರು ಸರಿ. ನಿನ್ನ ಕೈ ಅಡ್ಡ ಬರತೈತಿ. ಕೈ ಬರೀಬೇಕಂದ್ರ ನಿನ್ನ ಪೂರಾ ಬರೀಬೇಕಾಗತೈತಿ."

"ನನ್ನ ಬರದೀಯೋ ಮತ್ತ! ನನ್ನ ಹಿತ್ತಲ ಗ್ವಾಡ್ಯಾಗ ನಾ ವೈನಿ ಮನಿ ಒಳಗ ನಿಂತಿದ್ರ ಪಂಚರು ಏನಂತಾರ?"

"ಹಂಗಾದ್ರ ಕೈ ಬಿಡು."

ಮಾಳಿಂಗಪ್ಪ ಶೇವಂತೆವ್ವನ ಮುಖ ನೋಡಿದ. ಆಕೆ ಗೋಡೆಯಲ್ಲಿ ಬರೆದಿದ್ದ ಚೌಕಟ್ಟಿನ ಮೇಲೆ ಅಂಗೈ ಊರಿದಳು. ಊರಿದ ಕೈ ಜಾರಲಿಲ್ಲ, ಅದರ ಹಿಂದೆ ಗೋಡೆ ಇತ್ತಲ್ಲ.

"ಬಿಡೋ," ಎಂದಳು.

ಅವನು ಒಂದೊಂದೇ ಬೆರಳು ಸಡಿಲಿಸಿ ಕೈ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬಿದ್ದರೆ ಹಿಡಿಯಲು ತೋಳು ಚಾಚಿ ನಿಂತ. ಶೇವಂತೆವ್ವ ಬೀಳಲಿಲ್ಲ.

"ಏನ ನೋಡ್ತಿ ನಿಂತು?" ಎಂದು ಪೇಂಟರನನ್ನು ಗದರಿದಳು. "ಕಂಡಿತಿಲ್ಲ? ಓಡು!"